ನಮ್ಮೂರ ದೇವರ ಕಥೆಗೆ ಅನಿಮೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಡೆಯ ಗ್ರಾಮದೇವತೆಗಳ ಕಥೆ ಮತ್ತು ಆಚರಣೆ ಇಟ್ಟುಕೊಂಡು ಸಣ್ಣ ಸಣ್ಣ ಅನಿಮೇಷನ್ ಚಿತ್ರ ಮಾಡುತ್ತೇನೆ. ಜಾತ್ರೆಯಲ್ಲಿ ಸ್ಕೆಚ್ ಬುಕ್ ಹಿಡಿದು ಕೂತಾಗ, ಮಕ್ಕಳಿಗೆ ಚಿತ್ರ ಹೇಳಿಕೊಡುವಾಗ, ಪತ್ರದಲ್ಲಿ, ಫೋನಿನಲ್ಲಿ ಇವೇ ಪ್ರಶ್ನೆಗಳು ಬರುತ್ತಿರುತ್ತವೆ. ಕೇಳಿದವರ ಮಾತನ್ನೇ ತಲೆಬರಹ ಮಾಡಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದು ಆಮೇಲೆ.

## ಶುರು ಮಾಡುವವರಿಗೆ

ಅಕ್ಕಾ, ನನಗೆ ಚಿತ್ರ ಅಷ್ಟಾಗಿ ಬರಲ್ಲ. ಆದ್ರೂ ಮಾಡಬಹುದಾ?

ಮಾಡಬಹುದು. ನಮ್ಮ ಕಡೆ ಎಷ್ಟೋ ಗುಡಿಗಳಲ್ಲಿ ದೇವರು ಅಂದರೆ ಒಂದು ಗುಂಡುಕಲ್ಲು. ಅದಕ್ಕೆ ಅರಿಶಿನ, ಕುಂಕುಮ, ಎರಡು ಬೆಳ್ಳಿ ಕಣ್ಣು. ಪಕ್ಕದಲ್ಲಿ ಬೇವಿನ ಸೊಪ್ಪು. ಇದನ್ನು ಬರೆಯೋಕೆ ಅಂಗರಚನೆ ಕಲಿಯಬೇಕಿಲ್ಲ. ಕಷ್ಟ ಇರುವುದು ಕಲ್ಲಿನಲ್ಲಿ ಅಲ್ಲ, ಅದರ ಸುತ್ತ ಓಡಾಡುವ ಕೈಗಳಲ್ಲಿ. ಸೊಪ್ಪು ಕಟ್ಟುವ ಕೈ, ಬತ್ತಿ ಹೊಸೆಯುವ ಕೈ, ಭಂಡಾರ ಎರಚುವ ಕೈ. ಮೊದಲು ಕೈ ಬರೆದು ಅಭ್ಯಾಸ ಮಾಡಿ, ಮುಖ ಆಮೇಲೆ ನೋಡಿಕೊಳ್ಳಬಹುದು. ಕ್ರಮವಾಗಿ ಕಲಿಯಲೇಬೇಕು ಅನ್ನೋರಿಗೆ ದಾವಣಗೆರೆಯಲ್ಲೇ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ.

ಮೊದಲು ಯಾವ ಕಥೆ ಹಿಡೀಲಿ? ಮಹಾಭಾರತ ಮಾಡೋಣ ಅಂತಿದೀನಿ.

ಮಹಾಭಾರತ ಎಲ್ಲಿಗೂ ಓಡಿಹೋಗಲ್ಲ, ಇರಲಿ ಬಿಡಿ. ಮೊದಲು ಕಥೆಯನ್ನೇ ಬಿಟ್ಟು ಒಂದು ಆಚರಣೆ ಹಿಡಿಯಿರಿ. ನನ್ನ ಆಯ್ಕೆ ಹೋಳಿಗೆಮ್ಮ. ಆಷಾಢದ ಹೊತ್ತಿಗೆ ದುರ್ಗದ ಕಡೆ ಮನೆಮನೆಯಲ್ಲೂ ಮಾಡುತ್ತಾರೆ. ಒಂದು ಮೊರ, ಅದರಲ್ಲಿ ಹೋಳಿಗೆ, ಬೇವಿನ ಸೊಪ್ಪು, ಹಸಿರು ಬಳೆ, ಒಂದು ಕುಡಿಕೆ. ಮನೆ ಮುಂದೆ ಇಟ್ಟು ಪೂಜೆ ಮಾಡಿ, ಊರ ಗಡಿಗೆ ಒಯ್ದು ಬಿಟ್ಟುಬರುತ್ತಾರೆ. ಅಮ್ಮ ರೋಗರುಜಿನ ತಗೊಂಡು ಊರಾಚೆ ಹೋಗಲಿ ಅಂತ. ಇದರಲ್ಲಿ ಮಾತಿಲ್ಲ, ಯುದ್ಧ ಇಲ್ಲ. ಆದರೆ ಒಂದು ಶುರು ಇದೆ, ಒಂದು ನಡಿಗೆ ಇದೆ, ಒಂದು ಕೊನೆ ಇದೆ. ಮೊರ ಎತ್ತಿದಾಗ ಬಳೆ ಸ್ವಲ್ಪ ಜಾರುತ್ತದೆ, ಸೊಪ್ಪು ಅಲುಗಾಡುತ್ತದೆ. ಅಷ್ಟು ಬರೆದರೆ ಅರ್ಧ ಪಾಠ ಕಲಿತ ಹಾಗೆ.

ಆಮೇಲೆ ಕಥೆ ಬೇಕು ಅಂದರೆ ಜೋಕುಮಾರ. ಗಣೇಶ ಹಬ್ಬ ಮುಗಿದ ಮೇಲೆ ಬರುವ ಮಣ್ಣಿನ ಮೂರ್ತಿ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂರಿಸಿ, ಬಾಯಿಗೆ ಬೆಣ್ಣೆ ಮೆತ್ತಿ, ಹೆಣ್ಣುಮಕ್ಕಳು ತಲೆ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ, ಪದ ಹೇಳುತ್ತಾರೆ. ಅವನ ಆಯಸ್ಸು ಏಳೇ ದಿನ. ಅಷ್ಟಮಿಗೆ ಹುಟ್ಟಿ ಹುಣ್ಣಿಮೆಗೆ ಸಾಯುತ್ತಾನೆ. ಗಣಪ ಭೂಮಿಗೆ ಬಂದು ಕಡುಬು ತಿಂದು ಹೋಗಿ, ಶಿವ-ಪಾರ್ವತಿ ಹತ್ರ ಜನ ಸುಖವಾಗಿದಾರೆ ಅಂತಾನೆ. ಜೋಕುಮಾರ ಹೋಗಿ ಮಳೆ ಇಲ್ಲ, ಬೆಳೆ ಇಲ್ಲ, ಜನ ಕಷ್ಟದಲ್ಲಿದ್ದಾರೆ ಅಂತ ನಿಜ ಹೇಳುತ್ತಾನೆ. ಆಗ ಮಳೆ ಬರುತ್ತದೆ. ಒಬ್ಬ ಉಂಡು ಹೋದವನು, ಇನ್ನೊಬ್ಬ ನೋಡಿ ಹೋದವನು. ಮೂರು ನಿಮಿಷದ ಚಿತ್ರಕ್ಕೆ ಇದಕ್ಕಿಂತ ಒಳ್ಳೆ ಹಂದರ ನನಗೆ ಗೊತ್ತಿಲ್ಲ. ಅವನ ತುಂಟತನದ ಭಾಗ ಮಕ್ಕಳಿಗೆ ತೋರಿಸುವಾಗ ಎಷ್ಟು ಇಟ್ಟುಕೊಳ್ಳಬೇಕು ಅನ್ನೋದು ನಿಮಗೆ ಬಿಟ್ಟಿದ್ದು.

ಓಬವ್ವನ ಕಥೆ ಮಾಡಿದ್ರೆ ಜಾಸ್ತಿ ಜನ ನೋಡ್ತಾರೆ ಅಲ್ವಾ?

ನೋಡುತ್ತಾರೆ, ಆದರೆ ಎಲ್ಲರೂ ಅದನ್ನೇ ಮಾಡುತ್ತಾರೆ. ಎಲ್ಲರ ಓಬವ್ವನೂ ಕಣ್ಣು ಕೆಂಪಗೆ ಮಾಡಿ ಒನಕೆ ಎತ್ತಿ ನಿಂತಿರುತ್ತಾಳೆ. ಮಾಡಲೇಬೇಕು ಅಂದರೆ ಒಮ್ಮೆ ಚಿತ್ರದುರ್ಗದ ಕೋಟೆ ಹತ್ತಿ ಕಿಂಡಿ ನೋಡಿ ಬನ್ನಿ. ಬಂಡೆ ಸಂದಿಯಲ್ಲಿ ಒಬ್ಬ ಮನುಷ್ಯ ಮೈ ಮುದುಡಿಕೊಂಡು ನುಸುಳಬೇಕು, ಅಷ್ಟು ಇಕ್ಕಟ್ಟು. ಕಥೆ ಇರುವುದೇ ಆ ಇಕ್ಕಟ್ಟಿನಲ್ಲಿ. ಒಬ್ಬೊಬ್ಬನೇ ಬರಬೇಕಾದ್ದರಿಂದ ಒಬ್ಬ ಹೆಂಗಸು ಒಂದು ಒನಕೆಯಲ್ಲಿ ತಡೆಯೋಕಾಯಿತು. ಹೈದರಾಲಿಯ ಇಡೀ ದಂಡು ಬರೆಯುವ ಶ್ರಮ ಉಳಿಸಿ, ಆ ಸಂದಿಯ ಕತ್ತಲು ಬರೆಯಿರಿ. ಕೋಟೆ ಕೊನೆಗೆ ಹೈದರನ ಕೈಗೆ ಹೋಗಿದ್ದು 1779ರಲ್ಲಿ, ಓಬವ್ವನ ಪ್ರಸಂಗ ಅದಕ್ಕೂ ಮುಂಚಿನ ಮುತ್ತಿಗೆಯದು ಅಂತ ಹೇಳುತ್ತಾರೆ. ಎರಡನ್ನೂ ಕಲೆಸಬೇಡಿ.

ಏನೇನು ಸಾಮಾನು ಬೇಕು? ಕಂಪ್ಯೂಟರ್ ಇಲ್ಲದಿದ್ರೆ ಆಗಲ್ವಾ?

ಒಂದು ಮೊಬೈಲ್, ಅದನ್ನು ಅಲ್ಲಾಡದಂತೆ ಹಿಡಿಯುವ ಸ್ಟ್ಯಾಂಡ್, ಕಾಗದ, ಪೆನ್ಸಿಲ್. ಶುರುವಿಗೆ ಸಾಕು. ಮೊಬೈಲಿನಲ್ಲೇ ಬರೆಯೋಕೆ ಫ್ಲಿಪಾಕ್ಲಿಪ್ ಇದೆ, ಕಾಗದದ ಗೊಂಬೆ ಸರಿಸಿ ಫೋಟೊ ತೆಗೆಯೋಕೆ ಸ್ಟಾಪ್ ಮೋಷನ್ ಸ್ಟುಡಿಯೊ ಇದೆ. ಕಂಪ್ಯೂಟರ್ ಇರುವವರಿಗೆ ಕೃತಾ, ಬ್ಲೆಂಡರ್, ಓಪನ್‌ಟೂನ್ಜ್ ಮೂರೂ ಪುಕ್ಕಟೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೋಬೇಡಿ, ಕನಿಷ್ಠ ಮೊದಲ ಚಿತ್ರ ಮುಗಿಯೋವರೆಗೆ.

ಒಂದು ಎಚ್ಚರಿಕೆ ಮಾತ್ರ. ಫೋಟೊ ತೆಗೆಯುವಾಗ ಪರದೆ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ಸು, ಬೆಳಕು ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಪ್ರತಿ ಚಿತ್ರಕ್ಕೂ ಬಣ್ಣ ಬದಲಾಗಿ ಇಡೀ ವಿಡಿಯೊ ಮಿಣಮಿಣ ಅನ್ನುತ್ತದೆ. ಕಿಟಕಿ ಬೆಳಕನ್ನು ನಂಬಬೇಡಿ, ಮೋಡ ಬಂದರೆ ಕೆಟ್ಟಿತು.

ಒಂದು ನಿಮಿಷಕ್ಕೆ ಎಷ್ಟು ಚಿತ್ರ ಬರೀಬೇಕು?

ಸಿನಿಮಾ ಲೆಕ್ಕದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆ ಮೇಲೆ 24 ಬಿಡಿ ಚಿತ್ರ. ನಿಮಿಷಕ್ಕೆ 1440. ಹೆದರಬೇಡಿ, ಅಷ್ಟೂ ಬರೆಯೋರು ಕಮ್ಮಿ. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ 720 ಸಾಕು, ಮೂರು ಫ್ರೇಮ್ ನಿಲ್ಲಿಸಿದರೆ 480. ಅದರಲ್ಲೂ ದೀಪ ಉರಿಯೋದು, ಸೊಪ್ಪು ಅಲುಗೋದು, ತಮಟೆ ಬಡಿಯೋದು ತಿರುಗಿ ತಿರುಗಿ ಬರುವ ಚಲನೆ. ಆರೇಳು ಚಿತ್ರ ಬರೆದು ಮರಳಿ ಮರಳಿ ಓಡಿಸಬಹುದು. ಪೂಜೆ ಅಂದರೇನೇ ಮಾಡಿದ್ದನ್ನು ಮತ್ತೆ ಮಾಡುವುದು. ಹಾಗಾಗಿ ಈ ಉಳಿತಾಯ ಕಣ್ಣಿಗೆ ಕಳ್ಳಾಟದ ಹಾಗೆ ಕಾಣಲ್ಲ.

## ದೇವರು, ಪುರಾಣ, ನಂಬಿಕೆ

ಪೇಗನ್ ಅಂತಾರಲ್ಲ, ಅದೂ ನಮ್ಮ ಮಾರಮ್ಮನ ಪೂಜೆನೂ ಒಂದೇನಾ?

ಪೇಗನ್ ಅಂದರೆ ಕ್ರೈಸ್ತ ಧರ್ಮ ಬರೋಕೆ ಮುಂಚೆ ಯೂರೋಪಿನಲ್ಲಿದ್ದ ದೇವರ ಪೂಜೆಗಳು. ಮೇಲ್ನೋಟಕ್ಕೆ ಹೋಲುತ್ತದೆ. ಮರ, ಕಲ್ಲು, ನೀರಿನ ಸೆಲೆ, ಋತು ಬದಲಾಗುವ ಹೊತ್ತಿನ ಹಬ್ಬ. ಆದರೆ ದೊಡ್ಡ ವ್ಯತ್ಯಾಸ ಒಂದಿದೆ. ಯೂರೋಪಿನಲ್ಲಿ ಆ ಪೂಜೆಗಳ ಸರಣಿ ಕಡಿದುಹೋಯಿತು. ಐಸ್‌ಲ್ಯಾಂಡ್ ಹೆಚ್ಚುಕಮ್ಮಿ ಕ್ರಿ.ಶ. 1000ರಲ್ಲಿ ಕ್ರೈಸ್ತ ಧರ್ಮ ಒಪ್ಪಿತು. ಲಿಥುವೇನಿಯಾ ಎಲ್ಲರಿಗಿಂತ ತಡ, 1387ರಲ್ಲಿ. ಉತ್ತರ ಯೂರೋಪಿನ ಹಳೆ ದೇವರು ಓಡಿನ್, ಥಾರ್ ಕಥೆಗಳು ಇವತ್ತು ನಮಗೆ ಬಹುಪಾಲು ಸಿಗುವುದು 13ನೇ ಶತಮಾನದಲ್ಲಿ ಸ್ನೋರಿ ಸ್ಟರ್ಲುಸನ್ ಅನ್ನೋ ಐಸ್‌ಲ್ಯಾಂಡಿನ ಕ್ರೈಸ್ತ ವಿದ್ವಾಂಸ ಬರೆದಿಟ್ಟ ಕಾರಣಕ್ಕೆ. ಐಸ್‌ಲ್ಯಾಂಡಿನಲ್ಲಿ ಹಳೆ ದೇವರುಗಳ ಪೂಜೆಗೆ ಮತ್ತೆ ಒಂದು ಸಂಘ ಹುಟ್ಟಿದ್ದು 1972ರಲ್ಲಿ, ಸರ್ಕಾರ ಅದನ್ನು ಮಾನ್ಯ ಮಾಡಿದ್ದು 1973ರಲ್ಲಿ. ಅಂದರೆ ಅಲ್ಲಿಯವರು ಪುಸ್ತಕ ಓದಿ ಪೂಜೆ ಕಟ್ಟಿಕೊಂಡರು.

ನಮಗೆ ಆ ತೊಂದರೆ ಇಲ್ಲ. ನಮ್ಮಲ್ಲಿ ಪುಸ್ತಕವೇ ಇಲ್ಲದೆ ಪೂಜೆ ನಡೆಯುತ್ತಿದೆ, ಕೇಳೋಕೆ ಅಜ್ಜಿ ಇದ್ದಾರೆ, ಪೂಜಾರಿ ಇದ್ದಾರೆ. ಆದರೂ ನಮ್ಮ ಹುಡುಗರು ಥಾರನ ಸುತ್ತಿಗೆ ಬರೆಯುವಷ್ಟು ಚೆನ್ನಾಗಿ ನಮ್ಮ ಉರುಮೆ ಅನ್ನೋ ಚರ್ಮವಾದ್ಯ ಬರೆಯಲ್ಲ. ನನಗೆ ಅದೇ ಸಂಕಟ. ಅಂದಹಾಗೆ ಮಾರಮ್ಮನ ಒಕ್ಕಲಿನವರ ಮುಂದೆ ‘ಪೇಗನ್’ ಅಂತ ಹೇಳೋಕೆ ಹೋಗಬೇಡಿ. ಆಕೆಗೆ ಹೆಸರಿದೆ, ಅದನ್ನೇ ಹೇಳಿ.

ಒಂದೇ ಕಥೆನ ಒಬ್ಬೊಬ್ರು ಒಂದೊಂದ್ ತರ ಹೇಳ್ತಾರೆ. ಯಾವುದು ಸರಿ?

ಎಲ್ಲವೂ. ಕಲ್ಲಿನಲ್ಲಿ ಕೆತ್ತಿಟ್ಟ ಕಥೆ ಮಾತ್ರ ಬೇರೆ. ಹರಿಹರದ ಕಥೆ ಸ್ಥಳಪುರಾಣದಲ್ಲಿ ಅಚ್ಚುಕಟ್ಟಾಗಿದೆ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ವರ. ಇಬ್ಬರೂ ಒಂದೇ ಮೈಯಾಗಿ ಬಂದು ಕೊಂದರು. ತುಂಗಭದ್ರೆಯ ದಡದ ಹರಿಹರೇಶ್ವರನ ಗುಡಿ ಹೊಯ್ಸಳರ ಕಾಲದ್ದು, 13ನೇ ಶತಮಾನದ್ದು. ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಇದನ್ನು ತಪ್ಪಾಗಿ ಬರೆದರೆ ತಪ್ಪೇ, ಯಾಕಂದರೆ ಕಲ್ಲು ಕಣ್ಣ ಮುಂದಿದೆ.

ಹಾಡಿನಲ್ಲಿ ಬದುಕಿರುವ ಕಥೆಗೆ ಆ ಲೆಕ್ಕ ನಡೆಯಲ್ಲ. ಕುರಿ-ದನ ಸಾಕುವ ಕಾಡುಗೊಲ್ಲ ಸಮುದಾಯದವರು ಜುಂಜಪ್ಪ ಅನ್ನೋ ತಮ್ಮ ದೇವರ ಕಥೆಯನ್ನು ಗಣೆ ಊದಿಕೊಂಡು ಹಾಡುತ್ತಾರೆ. ಗಣೆ ಅಂದರೆ ಉದ್ದನೆ ಬಿದಿರಿನ ಕೊಳಲು. ಹಟ್ಟಿಯಿಂದ ಹಟ್ಟಿಗೆ ಪದ ಬೇರೆಯಾಗುತ್ತದೆ. ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಇಲ್ಲದೆ ಸಾವಿರಾರು ಪದ ಬಾಯಲ್ಲಿ ಇಟ್ಟುಕೊಂಡಿದ್ದರು. ಅಂಥವರ ಬಾಯಲ್ಲಿ ಬಂದ ಕಥೆಗೆ ‘ಮೂಲ ಪ್ರತಿ’ ಹುಡುಕೋದು ಸುಮ್ನೆ. ಯಾವ ಊರಿನಲ್ಲಿ, ಯಾರು ಹೇಳಿದ ಪಾಠ ಅಂತ ಚಿತ್ರದ ಕೊನೆಯಲ್ಲಿ ಹಾಕಿ. ಎರಡು ಪಾಠ ಬೆರೆಸಿ ಮೂರನೆಯದನ್ನು ಮಾತ್ರ ಹುಟ್ಟಿಸಬೇಡಿ.

ನಮ್ಮೂರಮ್ಮ 5000 ವರ್ಷದ ಹಿಂದಿನವಳು ಅಂತ ಹಾಕಿದ್ರೆ ಏನಾಗುತ್ತೆ?

ಓದಿದವರು ನಗುತ್ತಾರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಕ್ರಿಸ್ತಪೂರ್ವ 3ನೇ ಶತಮಾನದ್ದು. ಅಲ್ಲೇ ಬೃಹತ್ ಶಿಲಾಯುಗದ ಕಲ್ಗೋರಿಗಳೂ ಇವೆ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿ ನೋಡಿದ. ಹಾಗಾಗಿ ಈ ನೆಲದಲ್ಲಿ ಜನ ತುಂಬ ಹಿಂದಿನಿಂದ ಇದ್ದಾರೆ ಅನ್ನೋದು ಖಂಡಿತ. ಆದರೆ ಅವರು ಪೂಜೆ ಮಾಡಿದ್ದು ಇವತ್ತಿನ ಅಮ್ಮನನ್ನೇ ಅನ್ನೋಕೆ ಪುರಾವೆ ಇಲ್ಲ. ‘ಅಜ್ಜನ ಅಜ್ಜನ ಕಾಲದಿಂದ’ ಅಂತ ಊರವರು ಹೇಳುತ್ತಾರಲ್ಲ, ಅದನ್ನೇ ಹಾಕಿ. ಚಿತ್ರದುರ್ಗದ ಕೋಟೆಯೊಳಗಿನ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ಒಂದನ್ನು ತೋರಿಸುತ್ತಾರೆ. ಚಿತ್ರದಲ್ಲಿ ಅದು ಹಲ್ಲೇ ಆಗಿರಲಿ, ವಿವರಣೆಯಲ್ಲಿ ಮಾತ್ರ ‘ಅಂತ ನಂಬುತ್ತಾರೆ’ ಅಂತಿರಲಿ.

ದೇವರನ್ನ ಕಾರ್ಟೂನ್ ಮಾಡಿದ್ರೆ ಅಮ್ಮ ಮುನಿಯಲ್ವಾ ಮೇಡಂ?

ಅಮ್ಮನ ಮಾತು ನನಗೆ ಗೊತ್ತಿಲ್ಲ, ಒಕ್ಕಲಿನವರು ಮುನಿಯೋದಂತೂ ಉಂಟು. ಅವರಿಗೆ ಬೇಜಾರಾಗುವುದು ದೊಡ್ಡ ಕಣ್ಣು, ಸಣ್ಣ ಮೂಗಿಗೆ ಅಲ್ಲ. ಅಮ್ಮನಿಗೆ ಬೇರೆ ಯಾರದೋ ವೇಷ ಹಾಕಿದ್ದಕ್ಕೆ. ಕ್ಯಾಲೆಂಡರಿನ ದೇವಿ ನೋಡಿ ಎಂಟು ಕೈ, ಹುಲಿ, ರೇಷ್ಮೆ ಸೀರೆ ಕೊಟ್ಟರೆ ‘ಇದು ನಮ್ಮಮ್ಮ ಅಲ್ಲ’ ಅಂತಾರೆ. ನಾನು ಸಾಮಾನ್ಯವಾಗಿ ದೇವರನ್ನು ಕಲ್ಲಾಗಿಯೋ ಕೇಲಾಗಿಯೋ (ಕೇಲು ಅಂದರೆ ಪೂಜೆಗಿಟ್ಟ ಮಡಕೆ) ಇರುವ ಹಾಗೇ ಬಿಡುತ್ತೇನೆ. ಚಲನೆ ಎಲ್ಲ ಸುತ್ತಲಿನ ಜನರಿಗೆ, ಗಾಳಿಗೆ, ಹೊಗೆಗೆ. ಹಿಂದೆ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿದ್ದರೆ ಅದೂ ಇರಲಿ. ದುರ್ಗದ ಗುಡ್ಡ ಇವತ್ತು ಇರುವುದೇ ಹಾಗೆ.

ನನಗೆ ದೇವರಲ್ಲಿ ನಂಬಿಕೆ ಇಲ್ಲ. ಮಾಡೋದು ಸರೀನಾ?

ಸರಿ. ಚಪ್ಪಲಿ ಬಿಡಿ ಅಂದ ಕಡೆ ಬಿಡಿ, ಕೊಟ್ಟ ಪ್ರಸಾದ ತಗೊಳ್ಳಿ, ವಾದ ಮಾಡಬೇಡಿ. ಅಷ್ಟೇ.

## ಜಾತ್ರೆಗೆ ಹೋದಾಗ

ಮೊಬೈಲಲ್ಲಿ ವಿಡಿಯೊ ಮಾಡ್ಕೊಂಡು ಬಂದು ನೋಡ್ಕೊಂಡು ಬರೆದ್ರೆ ಆಗಲ್ವಾ?

ಆಗುತ್ತದೆ, ಆದರೆ ಮೊದಲು ಕೇಳಬೇಕು. ಪೂಜಾರಿಯನ್ನೊಬ್ಬರನ್ನೇ ಕೇಳಿದರೆ ಸಾಲದು, ಊರಿನ ಯಜಮಾನರನ್ನೂ ಕೇಳಿ. ಗರ್ಭಗುಡಿ ಒಳಗೆ ಬೇಡ ಅಂದರೆ ಬೇಡ. ಗದ್ದಲ ಜೋರಾಗುವ ಮೊದಲೇ, ಬೆಳಗ್ಗೆ ಹೋಗಿ ಕೂತುಕೊಳ್ಳಿ. ಸ್ಕೆಚ್ ಬುಕ್ಕಿಗೆ ಒಂದು ಲಾಭ ಇದೆ. ಮೊಬೈಲ್ ಹಿಡಿದರೆ ಜನ ಪೋಸು ಕೊಡುತ್ತಾರೆ, ಇಲ್ಲವೇ ಮುಖ ತಿರುಗಿಸುತ್ತಾರೆ. ಬರೆಯುತ್ತಾ ಕೂತರೆ ಹತ್ತಿರ ಬಂದು ಬಗ್ಗಿ ನೋಡಿ, ‘ಅಲ್ಲಮ್ಮ, ಉರುಮೆ ಹಂಗಲ್ಲ ಹಿಡಿಯೋದು’ ಅಂತ ತಿದ್ದುತ್ತಾರೆ. ಆ ತಿದ್ದುಪಡಿ ಯಾವ ವಿಡಿಯೊದಲ್ಲೂ ಸಿಗಲ್ಲ.

ಮೈದುಂಬಿದವರನ್ನ ತೋರಿಸಬಹುದಾ?

ಅನಿಮೇಷನ್ನಿನ ದೊಡ್ಡ ಉಪಕಾರ ಇದೇ. ಮುಖ ಗುರುತು ಸಿಗದ ಹಾಗೆ ತೋರಿಸಬಹುದು. ಮೈಮೇಲೆ ದೇವರು ಬಂದವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದನ್ನು ನಾನು ಒಪ್ಪಲ್ಲ. ಆ ಹೊತ್ತಿಗೆ ಅವರಿಂದ ಒಪ್ಪಿಗೆ ಕೇಳೋಕೂ ಆಗಲ್ಲ. ಬಿಚ್ಚಿದ ಕೂದಲು, ನೆಲಕ್ಕೆ ಊರಿದ ಕಾಲು, ಹಿಂದಿನಿಂದ ಹಿಡಿದುಕೊಂಡವರ ತೋಳು, ಇಷ್ಟರಲ್ಲೇ ಎಲ್ಲ ಬರುತ್ತದೆ. ನಗು ಬರಿಸುವ ಹಾಗೆ ಮಾತ್ರ ಬೇಡ.

ಕೋಣ ಕಡಿಯೋದು, ಮುಟ್ಟಾದವರನ್ನ ಹಟ್ಟಿಯಾಚೆ ಇಡೋದು, ಇದೆಲ್ಲ ಬಿಟ್ಟುಬಿಡಲಾ?

ಬಿಡಬೇಡಿ. ಗುಡಿ ಆವರಣದಲ್ಲಿ ಪ್ರಾಣಿಬಲಿ ಕೊಡುವುದನ್ನು ಕರ್ನಾಟಕದ 1959ರ ಕಾಯ್ದೆ ನಿಷೇಧಿಸಿದೆ. ಆದರೆ ಕಥೆಯಲ್ಲಿ ಕೋಣ ಇದ್ದರೆ ಅದನ್ನು ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ರಕ್ತ ಚೆಲ್ಲಿಯೇ ತೋರಿಸಬೇಕಿಲ್ಲ, ಕೊರಳ ಹಾರ ಕೆಳಗೆ ಬಿದ್ದರೆ ನೋಡುವವನಿಗೆ ಅರ್ಥವಾಗುತ್ತದೆ.

ಎರಡನೆಯದು ಇನ್ನೂ ಕಷ್ಟ. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನು, ಬಾಣಂತಿ-ಕೂಸನ್ನು ಊರಾಚೆ ಗುಡಿಸಲಲ್ಲಿ ಇಡುವ ಪದ್ಧತಿ ಈಗಲೂ ಅಲ್ಲಲ್ಲಿ ಉಳಿದಿದೆ. ಗಣೆಯ ನಾದ ಎಷ್ಟು ಚೆಂದ ಅಂತ ಚಿತ್ರ ಮಾಡಿ, ಮಳೆಯಲ್ಲಿ ನೆನೆಯುವ ಆ ಗುಡಿಸಲನ್ನು ಚೌಕಟ್ಟಿನ ಆಚೆ ಇಟ್ಟರೆ ಅದು ಸುಳ್ಳು ಚಿತ್ರ. ತಮಟೆ ಬಡಿಯುವವರು ಗುಡಿ ಮೆಟ್ಟಿಲ ಕೆಳಗೇ ನಿಂತಿದ್ದರೆ ಅಲ್ಲೇ ನಿಂತಿರುವ ಹಾಗೆ ಬರೆಯಿರಿ. ಹಿನ್ನೆಲೆಯಲ್ಲಿ ಉಪದೇಶ ಹೇಳಿಸಬೇಡಿ, ಯಾರು ಎಲ್ಲಿ ನಿಂತಿದ್ದಾರೆ ಅನ್ನೋದು ಕಂಡರೆ ಸಾಕು.

## ಕೈ ಪಳಗಿದವರಿಗೆ

ತಮಟೆ ಪೆಟ್ಟಿಗೆ ಚಿತ್ರ ಹೊಂದ್ತಾನೇ ಇಲ್ಲ. ಏನ್ ಮಾಡ್ಲಿ?

ಚಿತ್ರ ಬರೆದು ಆಮೇಲೆ ಸದ್ದು ಕೂಡಿಸುತ್ತಿದ್ದೀರಿ, ಅದಕ್ಕೇ. ಸದ್ದು ಮೊದಲು. ನಿಮಿಷಕ್ಕೆ ಎಷ್ಟು ಪೆಟ್ಟು ಅಂತ ಎಣಿಸಿ, 1440ನ್ನು ಅದರಿಂದ ಭಾಗಿಸಿ. ನಿಮಿಷಕ್ಕೆ 120 ಪೆಟ್ಟಾದರೆ ಪೆಟ್ಟಿಗೆ 12 ಫ್ರೇಮ್, 144 ಆದರೆ 10, 160 ಆದರೆ 9. ಕಡ್ಡಿ ಚರ್ಮಕ್ಕೆ ತಾಗುವ ಚಿತ್ರ ಸದ್ದಿಗಿಂತ ಒಂದೆರಡು ಫ್ರೇಮ್ ಮುಂಚೆ ಬರಲಿ, ಆಗ ಪೆಟ್ಟು ಗಟ್ಟಿಯಾಗಿ ಬಿದ್ದ ಹಾಗೆ ಅನಿಸುತ್ತದೆ. ಜಾತ್ರೆ ತಮಟೆ ಯಂತ್ರ ಅಲ್ಲ, ಕುಣಿಯುವವರ ಹುರುಪು ನೋಡಿಕೊಂಡು ವೇಗ ಏರುತ್ತದೆ. ಹಾಗಾಗಿ ಇಡೀ ಹಾಡಿಗೆ ಒಂದೇ ಲೆಕ್ಕ ಹಿಡಿಯಬೇಡಿ, ತುಂಡು ತುಂಡಾಗಿ ಎಣಿಸಿ. ರೆಕಾರ್ಡ್ ಮಾಡುವಾಗ ಮೊಬೈಲನ್ನು ವಾದ್ಯದ ಪಕ್ಕ ಹಿಡಿಯಬೇಡಿ, ಸದ್ದು ಒಡೆದುಹೋಗುತ್ತದೆ. ದೂರ ನಿಲ್ಲಿ.

ಭಾರ ಕಾಣಿಸ್ತಿಲ್ಲ, ಎಲ್ಲ ತೇಲಿದ ಹಾಗಿದೆ ಅಂತಾರೆ ನೋಡಿದವ್ರು.

ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರು ಮಾಡುವ ಕ್ಯಾತಪ್ಪನ ಜಾತ್ರೆ ನೋಡಿ. ಮುಳ್ಳುಕಂಟಿ ಒಟ್ಟಿ ಗುಡಿ ಕಟ್ಟುತ್ತಾರೆ. ಹರಕೆ ಹೊತ್ತವರು ಬರಿಗಾಲಲ್ಲಿ ಆ ಮುಳ್ಳಿನ ಮೇಲೆ ಹತ್ತಿ ತುದಿಯ ಕಳಶ ಕೀಳುತ್ತಾರೆ. ಅದನ್ನು ಬರೆಯೋಕೆ ಕೂತರೆ ಭಾರ ತಾನಾಗಿ ಅರ್ಥವಾಗುತ್ತದೆ. ಕಾಲಿಟ್ಟ ಕಡೆ ಕಂಟಿ ಮೊದಲು ತಗ್ಗುತ್ತದೆ, ಆಮೇಲೆ ಮಂಡಿ ಮಡಚುತ್ತದೆ, ಆಮೇಲೆ ಸೊಂಟ ಏಳುತ್ತದೆ, ಬಿಟ್ಟ ಕಂಟಿ ಮತ್ತೆ ಮೇಲಕ್ಕೆ ಚಿಮ್ಮುತ್ತದೆ. ಈ ನಾಲ್ಕೂ ಒಂದೇ ಫ್ರೇಮಿನಲ್ಲಿ ಆದರೆ ತೇಲಿದ ಹಾಗೆಯೇ. ಒಂದಾದ ಮೇಲೆ ಒಂದು ಬರಬೇಕು. ಕಾಲು ಬರೆಯುವ ಮೊದಲು ಕಾಲಡಿಯದನ್ನು ಬರೆಯಿರಿ.

ತೊಗಲುಗೊಂಬೆ ತರ ಕಾಣಬೇಕು ಅಂದ್ರೆ ಹೇಗೆ?

ತೊಗಲುಗೊಂಬೆ ಚೆಂದ ಇರುವುದು ಬೆಳಕು ಹಿಂದಿನಿಂದ ಬರುವುದರಿಂದ. ಮೇಕೆ ಚರ್ಮ ಹದಮಾಡಿ, ಬೆಳಕು ತೂರುವಷ್ಟು ತೆಳ್ಳಗೆ ಕೆರೆದು, ಬಣ್ಣ ಹಾಕಿ, ತೂತು ಕೊರೆಯುತ್ತಾರೆ. ಬಿಳಿ ಪರದೆ, ಹಿಂದೆ ದೀಪ. ನೀವು ಮನೆಯಲ್ಲಿ ಮಾಡೋದಾದರೆ ಎರಡು ಇಟ್ಟಿಗೆ ಸಾಲಿನ ಮೇಲೆ ಗಾಜು ಇಡಿ, ಅದರ ಮೇಲೆ ಬಟರ್ ಪೇಪರ್, ಕೆಳಗೆ ಬಲ್ಬು, ಮೇಲಿಂದ ಮೊಬೈಲ್. ದಪ್ಪ ಕಾಗದದ ಗೊಂಬೆಗೆ ಭುಜ, ಮೊಣಕೈ, ಸೊಂಟದಲ್ಲಿ ದಾರ ಗಂಟು ಹಾಕಿ ಕೀಲು ಮಾಡಿ. ಜರ್ಮನಿಯ ಲೊಟ್ಟೆ ರೈನಿಗರ್ ಅನ್ನೋ ಹೆಣ್ಣುಮಗಳು 1926ರಲ್ಲಿ ಹೀಗೇ ಗಾಜಿನ ಮೇಲೆ ಕತ್ತರಿಸಿದ ಗೊಂಬೆ ಸರಿಸಿ ಪೂರ್ಣಪ್ರಮಾಣದ ಚಿತ್ರ ಮಾಡಿದಳು. ಇವತ್ತಿಗೆ ಉಳಿದಿರುವ ಅನಿಮೇಷನ್ ಪೂರ್ಣಚಿತ್ರಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದೇ. ಆದರೆ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತ ಸಮುದಾಯದವರ ಗೊಂಬೆಯ ವಿನ್ಯಾಸವನ್ನೇ ನಕಲು ಹೊಡೆದು ‘ಸ್ವಂತದ್ದು’ ಅನ್ನಬೇಡಿ. ಆಡಿಸುವ ಮನೆತನಗಳು ಇನ್ನೂ ಇವೆ. ಹೋಗಿ ನೋಡಿ, ಆಟ ಆಡಿಸಿದ್ದಕ್ಕೆ ದುಡ್ಡು ಕೊಡಿ.

ಎಐ ಹತ್ರ ಮಾಡಿಸಿದ್ರೆ ಇಷ್ಟೆಲ್ಲ ಕಷ್ಟ ಯಾಕೆ?

ಮಾರಮ್ಮ ಅಂತ ಬರೆದು ಕೇಳಿ ನೋಡಿ. ನಾನು ನೋಡಿದ್ದರಲ್ಲೆಲ್ಲ ಅದೇ ಕ್ಯಾಲೆಂಡರ್ ದೇವಿ, ಅದೇ ಹೊಳೆಯುವ ಕಿರೀಟ. ಮೊರ ಇಲ್ಲ, ಕುಡಿಕೆ ಇಲ್ಲ, ಉರುಮೆ ಹಿಡಿಯುವ ರೀತಿಯಂತೂ ಇಲ್ಲವೇ ಇಲ್ಲ. ನಡುವಿನ ಫ್ರೇಮ್ ತುಂಬೋಕೆ, ಕಸ ಅಳಿಸೋಕೆ ಬೇಕಿದ್ದರೆ ಬಳಸಿ. ನೋಡುವ ಕೆಲಸವನ್ನು ಅದಕ್ಕೆ ವಹಿಸಬೇಡಿ.

ಅಜ್ಜಿ ಹಾಡಿದ ಪದ ಬಳಸ್ಕೊಂಡ್ರೆ ಹಕ್ಕು ಯಾರದು?

ಪದ ಊರಿನದು, ಅದಕ್ಕೆ ಒಬ್ಬ ಒಡೆಯ ಇಲ್ಲ. ಆದರೆ ಆ ಅಜ್ಜಿ ಹಾಡಿದ ಹಾಡಿಕೆ ಅವರದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವರಿಗೆ, ಆಡುವವರಿಗೂ ಹಕ್ಕು ಇದೆ, ಅದು 50 ವರ್ಷ ಇರುತ್ತದೆ. ಯಾರಾದರೂ ಸಂಗ್ರಹ ಮಾಡಿ ಅಚ್ಚು ಹಾಕಿಸಿದ ಪುಸ್ತಕದ ಮುನ್ನುಡಿ, ಟಿಪ್ಪಣಿ, ಅನುವಾದ ಬರೆದವರದು. ಬರೆದವರು ತೀರಿಕೊಂಡ ಮೇಲೂ 60 ವರ್ಷ. ದುರ್ಗದ ನಾಯಕರ ಮೇಲಿನ ಕಾದಂಬರಿಗಳ ಸನ್ನಿವೇಶವನ್ನು ಇತಿಹಾಸ ಅಂದುಕೊಂಡು ಎತ್ತಿಹಾಕುವವರು ಇದನ್ನು ಒಮ್ಮೆ ಯೋಚಿಸಬೇಕು. ಅಜ್ಜಿಗೆ ಹಾಡೋಕೆ ಹೇಳುವ ಮೊದಲೇ ಎಲ್ಲಿ ಬಳಸುತ್ತೀರಿ ಅಂತ ಹೇಳಿ, ಒಪ್ಪಿದ್ದನ್ನು ರೆಕಾರ್ಡ್ ಮಾಡಿಕೊಳ್ಳಿ, ಕೈಗೆ ದುಡ್ಡು ಕೊಡಿ. ಸೀರೆ, ಹಣ್ಣುಕಾಯಿ ಮರ್ಯಾದೆಗೆ ಬೇರೆ. ಅದು ಸಂಭಾವನೆ ಅಲ್ಲ.

ಚಿತ್ರ ಮುಗೀತು. ಮೊದಲು ಎಲ್ಲಿ ತೋರಿಸಲಿ?

ಕಥೆ ಕೊಟ್ಟ ಊರಿನಲ್ಲಿ. ಬೇರೆಲ್ಲೂ ಹೊರಬಿಡುವ ಮೊದಲು. ಒಂದು ಪ್ರೊಜೆಕ್ಟರ್, ಗುಡಿ ಮುಂದೆ ಬಿಳಿ ಪಂಚೆ ಕಟ್ಟಿದರೆ ಆಯಿತು. ಹೆಸರು ತಪ್ಪಿದ್ದರೆ, ಪೂಜೆಯ ಕ್ರಮ ಹಿಂದುಮುಂದಾಗಿದ್ದರೆ ಅಲ್ಲೇ ಹೇಳುತ್ತಾರೆ, ಜೋರಾಗಿಯೇ ಹೇಳುತ್ತಾರೆ. ತಿದ್ದೋಕೆ ಸಮಯ ಇಟ್ಟುಕೊಂಡು ಹೋಗಿ. ತಿದ್ದಿದ ಪ್ರತಿಯನ್ನು, ನೀವು ರೆಕಾರ್ಡ್ ಮಾಡಿದ ಪೂರ್ತಿ ಹಾಡನ್ನು ಪೆನ್‌ಡ್ರೈವಿಗೆ ಹಾಕಿ ಹಾಡಿದವರ ಮನೆಗೆ ಕೊಟ್ಟು ಬನ್ನಿ. ಫೈಲಿಗೆ ಊರು, ಹಾಡಿದವರ ಹೆಸರು, ತಾರೀಖು ಕನ್ನಡದಲ್ಲೇ ಹಾಕಿ.